ಮೀಲೋಸ್ ದ್ವೀಪದ ಕಡಲಂಚಿನಲ್ಲಿ ಒಂದು ದಿನ

ಗ್ರೀಸ್ ದೇಶದ ಭೂಪಟವನ್ನು ಬಿಡಿಸಿ ನೋಡಿದವರಿಗೆ ನೆಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ನೀರು. ಹಸೆಯ ಮೇಲೆ ಒಂದು ಹಿಡಿ ಅಕ್ಷತೆಯನ್ನು ಚೆಲ್ಲಿದಂತೆ ಏಜಿಯನ್ ಸಮುದ್ರದ ತುಂಬ ದ್ವೀಪಗಳು ಹರಡಿಕೊಂಡಿವೆ. ಅವುಗಳಲ್ಲಿ ಸೈಕ್ಲಡೀಸ್ ಎಂಬ ಗುಂಪಿನ ಪಡುವಣ ಅಂಚಿನಲ್ಲಿ, ಅಥೆನ್ಸಿನ ರೇವಾದ ಪಿರೇಯಸ್ಸಿನಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಮೀಲೋಸ್ ಎಂಬ ದ್ವೀಪವಿದೆ. ಹಳೆಯ ಗ್ರಂಥಗಳಲ್ಲಿ ಬರುವ ಮೇಲೋಸ್ ಇದೇ. ವಿಸ್ತೀರ್ಣ ಸುಮಾರು 150 ಚದರ ಕಿಲೋಮೀಟರ್. ನಮ್ಮ ಕಡೆಯ ಒಂದು ಹೋಬಳಿಯಷ್ಟು ನೆಲ. ಜನಸಂಖ್ಯೆ ಐದು ಸಾವಿರದ ಆಸುಪಾಸು. ಜ್ವಾಲಾಮುಖಿಗಳು ಉಗುಳಿದ ಬೂದಿ, ಕಲ್ಲು, ಗಂಧಕಗಳಿಂದ ಆದ ಈ ದ್ವೀಪ ಕುದುರೆಯ ಲಾಳದಂತೆ ಬಾಗಿದೆ. ಆ ಲಾಳದ ನಡುವೆ ಕಡಲು ಒಳನುಗ್ಗಿ, ಮೆಡಿಟರೇನಿಯನ್ನಿನಲ್ಲಿಯೇ ದೊಡ್ಡವೆನಿಸಿದ ಸಹಜ ಬಂದರುಗಳಲ್ಲಿ ಒಂದನ್ನು ನಿರ್ಮಿಸಿದೆ.

ಇಂಥ ದ್ವೀಪದಲ್ಲಿ ಒಂದು ದಿನವನ್ನು ಅವಸರವಿಲ್ಲದೆ ಕಳೆಯುವುದು ಹೇಗೆ? ಗಟ್ಟಿಯಾದ ಒಂದು ಜೊತೆ ಮೆಟ್ಟು, ಬಿಸಿಲಿಗೆ ಒಂದು ಟೋಪಿ, ಕುಡಿಯಲು ನೀರು, ಇಷ್ಟಿದ್ದರೆ ಸಾಕು. ಆದರೆ ಓದುಗರು ಇನ್ನೊಂದು ವಸ್ತುವನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು. ಅದೆಂದರೆ ಸ್ವಲ್ಪ ಚರಿತ್ರೆಯ ನೆನಪು. ಈ ಪುಟ್ಟ ದ್ವೀಪದ ಬಳಿ ಹೊರಗಿನವರಿಗೆ ಬೇಕಾದ ಏನಾದರೊಂದು ಯಾವಾಗಲೂ ಇತ್ತು. ಒಂದು ಕಾಲಕ್ಕೆ ಕಲ್ಲು, ಒಂದು ಕಾಲಕ್ಕೆ ಬಂದರು, ಮತ್ತೊಂದು ಕಾಲಕ್ಕೆ ಒಂದು ವಿಗ್ರಹ, ಈಗ ಮಣ್ಣು. ಬೇಕೆಂದವರು ಬಲಶಾಲಿಗಳಾಗಿ, ಕೊಡೆನೆಂದವರು ದುರ್ಬಲರಾಗಿದ್ದಾಗ ಏನಾಯಿತೆಂಬ ಕಥೆ ಇದರ ತೀರದುದ್ದಕ್ಕೂ ಬಿದ್ದಿದೆ.

ಮುಂಜಾನೆ, ಬಿಸಿಲು ಏರುವ ಮೊದಲು, ಬಡಗಣ ತೀರದ ಸರಾಕಿನಿಕೊಗೆ ಹೋಗೋಣ. ಬಂದರಿನ ಊರಾದ ಅದಾಮಾಸಿನಿಂದ ಇದು ಹತ್ತಿರವೇ. ಇಲ್ಲಿ ಮರವಿಲ್ಲ, ಗಿಡವಿಲ್ಲ. ಹಾಲಿನ ಕೆನೆ ಹೆಪ್ಪುಗಟ್ಟಿದಂತೆ ಬೆಳ್ಳನೆಯ ಬಂಡೆ ಅಲೆಯಲೆಯಾಗಿ ಕಡಲಿಗೆ ಇಳಿದಿದೆ. ಜ್ವಾಲಾಮುಖಿಯ ಬೂದಿ ಮತ್ತು ಹಗುರವಾದ ನೊರೆಗಲ್ಲು ಸೇರಿ ಗಟ್ಟಿಯಾದ ಬಂಡೆ ಇದು. ಗಾಳಿಯೂ ಅಲೆಯೂ ಸಾವಿರಾರು ವರ್ಷ ತಿಕ್ಕಿ ತಿಕ್ಕಿ ಇದಕ್ಕೆ ಈ ನುಣುಪನ್ನು ತಂದಿವೆ. ಬಂಡೆಯ ಸೀಳಿನಲ್ಲಿ ಒಳಬಂದ ನೀರು ಹಸುರು ನೀಲಿಯಾಗಿ ನಿಂತಿದೆ. ಈಜಬಲ್ಲವರು ಇಳಿಯಬಹುದು, ಬಾರದವರು ಬಂಡೆಯ ಮೇಲೆ ಕುಳಿತು ಕಾಲನ್ನು ಇಳಿಬಿಡಬಹುದು. ಸರಾಕಿನಿಕೊ ಎಂಬ ಹೆಸರು ಸಾರಸೆನ್ ಕಡಲುಗಳ್ಳರಿಂದ ಬಂದದ್ದು. ಇಂಥ ಕೊರಕಲುಗಳಲ್ಲಿ ಹಡಗನ್ನು ಬಚ್ಚಿಟ್ಟುಕೊಂಡು ಅವರು ಹೊಂಚುಹಾಕುತ್ತಿದ್ದರೆಂದು ಹೇಳುತ್ತಾರೆ. ಬಂಡೆಯೊಳಕ್ಕೆ ಕತ್ತಲಾಗಿ ಹೋಗುವ ಸುರಂಗಗಳು ಮಾತ್ರ ಕಳ್ಳರವಲ್ಲ, ಹಳೆಯ ಗಣಿಕೆಲಸಗಾರರು ಕೊರೆದವು.

ಬಿಳಿಯ ಕಲ್ಲನ್ನು ನೋಡಿದ ಮೇಲೆ ಕರಿಯ ಕಲ್ಲಿನ ಮಾತು. ಅದಾಮಾಸಿಗೆ ಸಮೀಪದ ನೀಖಿಯ ಎಂಬಲ್ಲಿ ನೆಲದ ಮೇಲೆ ಕರಿಗಾಜಿನ ಚೂರುಗಳಂತೆ ಹೊಳೆಯುವ ಕಲ್ಲಿನ ಚಕ್ಕೆಗಳು ಹರಡಿವೆ. ನೀಖಿಯ ಎಂದರೆ ಗ್ರೀಕರ ಮಾತಿನಲ್ಲಿ ಉಗುರುಗಳು. ಕಲ್ಲಿನ ಹೆಸರು ಅಬ್ಸಿಡಿಯನ್. ಕಾದ ಲಾವಾರಸ ಬೇಗನೆ ತಣಿದು ಗಾಜಾದದ್ದು. ಒಡೆದರೆ ಇದರ ಅಂಚು ಕ್ಷೌರದ ಕತ್ತಿಯಷ್ಟು ಹರಿತ. ಲೋಹವನ್ನು ಕಾಣದ ಕಾಲದ ಮನುಷ್ಯನಿಗೆ ಇದಕ್ಕಿಂತ ಮಿಗಿಲಾದ ಆಯುಧ ಯಾವುದು? ಗ್ರೀಸಿನ ಮುಖ್ಯಭೂಭಾಗದ ಫ್ರಾಂಕ್ತಿ ಎಂಬ ಗವಿಯನ್ನು ಅಗೆದಾಗ, ಸುಮಾರು 13,000 ವರ್ಷಗಳ ಹಿಂದಿನ ಪದರಗಳಲ್ಲಿ ಮೀಲೋಸಿನ ಈ ಕಲ್ಲು ಸಿಕ್ಕಿತು. ಆ ಗವಿಗೂ ಈ ದ್ವೀಪಕ್ಕೂ ನಡುವೆ ನೂರು ಕಿಲೋಮೀಟರಿಗೂ ಮಿಕ್ಕ ದೂರವಿದೆ. ಸಮುದ್ರದ ಮಟ್ಟ ಆಗ ಇಂದಿಗಿಂತ ತಗ್ಗಿದ್ದರೂ ದೋಣಿಯಿಲ್ಲದೆ ಇಲ್ಲಿಗೆ ಬರುವಂತಿರಲಿಲ್ಲ. ಉಳುವುದನ್ನು ಕಲಿಯುವ ಮೊದಲೇ ಈ ಜನ ಕಡಲನ್ನು ದಾಟುವುದನ್ನು ಕಲಿತಿದ್ದರು ಎಂದಾಯಿತು. ಆ ದೋಣಿಗಳಲ್ಲಿ ಒಂದೂ ಉಳಿದಿಲ್ಲ. ಅವು ಹೊತ್ತು ತಂದ ಕಲ್ಲು ಸಾಕ್ಷಿ ಹೇಳುತ್ತಿದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಈ ಕಲ್ಲುಗಣಿಗಳನ್ನು ಪರೀಕ್ಷಿಸಿದ ವಿದ್ವಾಂಸರು, ಇವನ್ನು ಯಾರಾದರೂ ಕಾವಲು ಕಾಯುತ್ತಿದ್ದ ಅಥವಾ ಸುಂಕ ಕೇಳುತ್ತಿದ್ದ ಗುರುತು ಕಾಣುವುದಿಲ್ಲವೆಂದು ಅಭಿಪ್ರಾಯಪಟ್ಟಿದ್ದಾರೆ. ಬೇಕಾದವರು ಬಂದರು, ಬೇಕಾದಷ್ಟು ಒಡೆದುಕೊಂಡರು, ಹೋದರು. ಹೊರಗಿನವರಿಗೂ ಈ ದ್ವೀಪಕ್ಕೂ ಬಂದ ಮೊದಲ ಸಂಬಂಧ ಹೀಗೆ ಜಗಳವಿಲ್ಲದ್ದು. ನೀವು ಹೋದರೆ ಆ ಚಕ್ಕೆಗಳನ್ನು ಕೈಯಲ್ಲಿ ಹಿಡಿದು ನೋಡಿ. ಚೀಲಕ್ಕೆ ಹಾಕಿಕೊಳ್ಳದೆ ಅಲ್ಲಿಯೇ ಇಟ್ಟುಬನ್ನಿ.

ಬಿಸಿಲು ಬಲಿಯುವುದರೊಳಗೆ ಬಸ್ಸು ಹಿಡಿದು ಬಡಗಣ ತೀರದಲ್ಲಿಯೇ ಮೂಡಲಿಗೆ ಸಾಗಿದರೆ ಫಿಲಾಕೊಪಿ ಸಿಕ್ಕುತ್ತದೆ. ಕಡಲಿನ ಮೇಲೆ ಚಾಚಿಕೊಂಡ ಒಂದು ದಿಬ್ಬ, ದಪ್ಪ ಕಲ್ಲಿನ ಗೋಡೆಗಳ ಬುಡ, ಒಣಹುಲ್ಲು. ಮೊದಲ ನೋಟಕ್ಕೆ ಇಷ್ಟೆ. ಆದರೆ ಇದು ಕಂಚಿನ ಯುಗದ ಏಜಿಯನ್ ಪಟ್ಟಣಗಳಲ್ಲಿ ಹೆಸರಾಂತದ್ದು. ಅಥೆನ್ಸಿನ ಬ್ರಿಟಿಷ್ ವಿದ್ಯಾಸಂಸ್ಥೆಯವರು 1896ರಿಂದ 1899ರವರೆಗೆ ಇದನ್ನು ಅಗೆದರು. 1974ರಿಂದ ಕಾಲಿನ್ ರೆನ್‌ಫ್ರೂ ಅವರ ನೇತೃತ್ವದಲ್ಲಿ ಮತ್ತೆ ಅಗೆತ ನಡೆಯಿತು. ಊರು ಹಾಳಾಗುತ್ತಲೂ ಮತ್ತೆ ಏಳುತ್ತಲೂ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಾಳಿದ ಕುರುಹು ಪದರ ಪದರವಾಗಿ ತೋರಿಬಂತು. ಇಲ್ಲಿನ ಒಂದು ಗೋಡೆಯ ಮೇಲೆ ಹಾರುಮೀನುಗಳ ಚಿತ್ರವಿತ್ತು. ನೀಲಿ, ಹಳದಿ ಬಣ್ಣದ ಮೀನುಗಳು ರೆಕ್ಕೆ ಬಿಚ್ಚಿ ನೀರಿನಿಂದ ಚಿಮ್ಮುತ್ತಿರುವ ಆ ಚಿತ್ರ ಈಗ ಅಥೆನ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಊರಿನ ಒಂದು ಭಾಗವನ್ನಂತೂ ಕಡಲೇ ಕೊರೆದು ನುಂಗಿಬಿಟ್ಟಿದೆ. ಪಕ್ಕದಲ್ಲಿಯೇ ಪಾಪಾಫ್ರಾಗಾಸ್ ಎಂಬ ಕಿರಿದಾದ ಕೊರಕಲಿದೆ. ಎರಡೂ ಕಡೆ ಗೋಡೆಯಂತೆ ನಿಂತ ಬಂಡೆಗಳ ನಡುವೆ ಕಡಲು ಓಣಿಯಾಗಿ ಒಳಬರುವುದನ್ನು ಮೇಲಿನಿಂದ ನೋಡಬಹುದು.

ನಡುಹಗಲನ್ನು ಪೊಲೋನಿಯ ಎಂಬ ಬೆಸ್ತರ ಊರಿನ ನೆರಳಿನಲ್ಲಿ ಕಳೆಯಿರಿ. ಮೀನು ತಿನ್ನುವವರಿಗೆ ಹೇಳಬೇಕಾದ್ದೇ ಇಲ್ಲ. ತಿನ್ನದವರಿಗೆ ಟೊಮೇಟೊ, ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಸುಟ್ಟ ಲಾದೇನಿಯ ಎಂಬ ರೊಟ್ಟಿ ಸಿಕ್ಕುತ್ತದೆ. ಕಲ್ಲಂಗಡಿ ಹಣ್ಣಿನ ತಿರುಳಿಗೆ ಹಿಟ್ಟು, ಜೇನು, ಎಳ್ಳು ಸೇರಿಸಿ ಬೇಯಿಸಿದ ಸಿಹಿಯೊಂದು ಈ ದ್ವೀಪದ್ದೇ ವಿಶೇಷ. ಎಳ್ಳಿನ ರುಚಿ ಬಲ್ಲ ನಮ್ಮವರಿಗೆ ಅದು ಹೊಸತೆನಿಸಿದರೂ ಪರಕೀಯವೆನಿಸಲಾರದು.

ಇಳಿಹೊತ್ತಿಗೆ ದ್ವೀಪದ ಮುಖ್ಯಪಟ್ಟಣವಾದ ಪ್ಲಾಕಾಕ್ಕೆ ಬನ್ನಿ. ಬೆಟ್ಟದ ನೆತ್ತಿಯಲ್ಲಿ ಸುಣ್ಣ ಬಳಿದ ಮನೆಗಳು, ಇಬ್ಬರು ಎದುರುಬದುರಾದರೆ ಒಬ್ಬರು ಸರಿದು ನಿಲ್ಲಬೇಕಾದ ಓಣಿಗಳು. ಇಲ್ಲಿಂದ ಗಾಳಿಗಿರಣಿಗಳ ಊರಾದ ತ್ರಿಪಿತಿಯನ್ನು ಹಾದು ಕಡಲಿಗೆ ಇಳಿಯುವ ಕಾಲುದಾರಿಯೇ ನಮ್ಮ ಈ ದಿನದ ಮುಖ್ಯ ದಾರಿ. ಇಕ್ಕೆಲಗಳಲ್ಲಿ ಆಲಿವ್ ಮರಗಳು, ಮೆಟ್ಟಿಲು ಮೆಟ್ಟಿಲಾದ ಹೊಲಗಳ ಕಲ್ಲುಕಟ್ಟೆಗಳು. ಕೆಳಗೆ ಕೊಲ್ಲಿಯ ನೀರು. ಈ ಇಳಿಜಾರಿನಲ್ಲಿಯೇ ಪ್ರಾಚೀನ ಮೇಲೋಸ್ ನಗರವಿತ್ತು. ರೋಮನರ ಕಾಲದ ಅಮೃತಶಿಲೆಯ ರಂಗಮಂದಿರವೊಂದು ಬೆಟ್ಟದ ಮಡಿಲಲ್ಲಿ ಉಳಿದಿದೆ. ಅದರ ಮೆಟ್ಟಿಲ ಮೇಲೆ ಕುಳಿತರೆ ಎದುರಿಗೆ ಇಡೀ ಬಂದರು. ಇಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಹೇಳಬೇಕಾದ ಕಥೆ ಇಲ್ಲಿಯದು.

ಬಿ. ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದ ‘ಪಾರಸಿಕರು’ ನಾಟಕವನ್ನು ಓದಿದವರಿಗೆ ಸಲಾಮಿಸ್ ಕಡಲಕದನ ಗೊತ್ತಿರುತ್ತದೆ. ಕ್ರಿ.ಪೂ. 480ರಲ್ಲಿ ಪಾರಸಿಕ ಚಕ್ರವರ್ತಿಯ ಮಹಾನೌಕಾಬಲವನ್ನು ಗ್ರೀಕರು ಅಲ್ಲಿ ಮುರಿದರು. ಆ ಕದನದಲ್ಲಿ ಗ್ರೀಕರ ಪಕ್ಷದಲ್ಲಿ ನಿಂತ ಹಡಗುಗಳ ಲೆಕ್ಕವನ್ನು ಹೆರೊಡೋಟಸ್ ಕೊಟ್ಟಿದ್ದಾನೆ. ಅದರಲ್ಲಿ ಐವತ್ತು ಹುಟ್ಟುಗಳ ಎರಡು ಹಡಗುಗಳು ಮೇಲೋಸಿನವು. ದೊಡ್ಡವರ ನೂರಾರು ಹಡಗುಗಳ ನಡುವೆ ಎರಡೇ ಎರಡು. ಆದರೂ ಹಲವು ದ್ವೀಪಗಳು ಪಾರಸಿಕರಿಗೆ ಮಣಿದಿದ್ದ ಕಾಲದಲ್ಲಿ ಈ ಎರಡಕ್ಕೆ ಬೆಲೆಯಿತ್ತು.

ಗೆದ್ದ ಅಥೆನ್ಸ್ ಬೆಳೆಯಿತು. ಪಾರಸಿಕರನ್ನು ತಡೆಯಲೆಂದು ದ್ವೀಪಗಳು ಕೂಡಿ ಕಟ್ಟಿದ ಒಕ್ಕೂಟ ಬರಬರುತ್ತ ಅಥೆನ್ಸಿನ ಸಾಮ್ರಾಜ್ಯವಾಯಿತು. ಮಿತ್ರರ ವಂತಿಗೆ ಕಪ್ಪವಾಯಿತು. ಮೇಲೋಸಿನವರು ಡೋರಿಯನ್ನರು, ಸ್ಪಾರ್ಟದಿಂದ ಬಂದು ನೆಲಸಿದವರು. ಕ್ರಿ.ಪೂ. 431ರಲ್ಲಿ ಅಥೆನ್ಸಿಗೂ ಸ್ಪಾರ್ಟಕ್ಕೂ ಯುದ್ಧ ಹತ್ತಿಕೊಂಡಾಗ ಅವರು ಯಾರ ಕಡೆಗೂ ಸೇರದೆ ನಿಂತರು. ಕ್ರಿ.ಪೂ. 426ರಲ್ಲಿ ನಿಕಿಯಾಸ್ 60 ಹಡಗು, 2,000 ಕಾಲಾಳುಗಳೊಡನೆ ಬಂದು ಹೊಲಗಳನ್ನು ಹಾಳುಮಾಡಿದ, ದ್ವೀಪ ಬಗ್ಗಲಿಲ್ಲ. ಮರುವರ್ಷ ಅಥೆನ್ಸ್ ಹೊರಡಿಸಿದ ಕಪ್ಪದ ಪಟ್ಟಿಯಲ್ಲಿ ಮೇಲೋಸಿನ ಹೆಸರಿಗೆ 15 ಟ್ಯಾಲೆಂಟುಗಳನ್ನು ಬರೆದುಕೊಂಡರು. ಮೇಲೋಸಿನ ತಾಟಸ್ಥ್ಯ ಪೂರ್ಣ ನಿಷ್ಕಳಂಕವಾಗಿತ್ತೆ? ಸ್ಪಾರ್ಟದ ನಾಡಿನಲ್ಲಿ ದೊರೆತ ಒಂದು ಶಾಸನದಲ್ಲಿ ಅವರು ಸ್ಪಾರ್ಟದ ಯುದ್ಧನಿಧಿಗೆ ಹಣ ಕೊಟ್ಟ ಉಲ್ಲೇಖವಿದೆ. ಅದು ಯಾವ ವರ್ಷದ್ದೆಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಅದೇನೇ ಇರಲಿ, ತಾನಾಗಿ ಅಥೆನ್ಸಿನ ಮೇಲೆ ದಂಡೆತ್ತಿ ಹೋಗುವ ಬಲ ಈ ದ್ವೀಪಕ್ಕೆ ಇರಲಿಲ್ಲ.

ಕ್ರಿ.ಪೂ. 416ರ ಬೇಸಗೆಯಲ್ಲಿ ಅಥೆನ್ಸ್ ಮತ್ತೆ ಬಂತು. ಅಥೆನ್ಸಿನವು 30 ಹಡಗು, ಕೈಯೋಸಿನವು 6, ಲೆಸ್ಬೋಸಿನವು 2. ಭಾರಿ ಕವಚದ ಕಾಲಾಳುಗಳು ಅಥೆನ್ಸಿನಿಂದ 1,200, ಮಿತ್ರರಿಂದ ಸುಮಾರು 1,500, ಜೊತೆಗೆ ಬಿಲ್ಲಾಳುಗಳು. ಸೇನಾಪತಿಗಳು ಕ್ಲಿಯೊಮಿಡೀಸ್ ಮತ್ತು ತಿಸಿಯಾಸ್. ಹೊಲಕ್ಕೆ ಬೆಂಕಿಯಿಡುವ ಮೊದಲು ಅವರು ಸಂಧಾನಕ್ಕೆ ದೂತರನ್ನು ಕಳಿಸಿದರು. ಮೇಲೋಸಿನ ಅಧಿಕಾರಿಗಳು ದೂತರನ್ನು ಜನಸಭೆಯ ಮುಂದೆ ತರದೆ ತಮ್ಮೊಳಗೇ ಕೂಡಿ ಮಾತನಾಡಿದರು. ಆ ಮಾತುಕತೆಯನ್ನು ಇತಿಹಾಸಕಾರ ಥ್ಯೂಸಿಡಿಡೀಸ್ ಸಂವಾದದ ರೂಪದಲ್ಲಿ ಬರೆದಿದ್ದಾನೆ. ಆತ ಸ್ವತಃ ಅಥೆನ್ಸಿನವನು, ಅಲ್ಲಿಯ ಸೇನಾಪತಿಯಾಗಿದ್ದವನು. ಆದರೆ ಒಂದು ಸೋಲಿನ ದೆಸೆಯಿಂದ ಆಗ ದೇಶಭ್ರಷ್ಟನಾಗಿದ್ದ. ಆದ್ದರಿಂದ ಅಲ್ಲಿ ಆಡಿದ ಮಾತುಗಳೇ ಅಕ್ಷರಶಃ ಇವೆಂದು ನಾವು ತಿಳಿಯಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಅಂಥವರ ನಡುವೆ ನಡೆಯುವ ವಾದದ ತಿರುಳನ್ನು ಆತ ಹಿಂಡಿ ತೆಗೆದಿದ್ದಾನೆ.

ಆ ತಿರುಳು ಇಷ್ಟು. ಅಥೆನ್ಸಿನ ದೂತರು ನ್ಯಾಯದ ಮಾತೇ ಬೇಡವೆಂದರು. ಸರಿಸಮಾನರ ನಡುವೆ ಮಾತ್ರ ನ್ಯಾಯಕ್ಕೆ ಬೆಲೆ. ನಿಮಗೆ ಜೀವ ಉಳಿಯಬೇಕು, ನಮಗೆ ದ್ವೀಪ ಬೇಕು, ಇದಿಷ್ಟನ್ನೇ ಮಾತಾಡೋಣ ಎಂಬುದು ಅವರ ನಿಲುವು. ನಾವು ಯಾರಿಗೂ ಶತ್ರುಗಳಾಗದೆ ಸುಮ್ಮನಿದ್ದರೆ ಆಗದೆ, ಎಂದು ಮೇಲೋಸಿನವರು ಕೇಳಿದರು. ಆಗದೆಂಬ ಉತ್ತರ ಬಂತು. ನಿಮ್ಮ ದ್ವೇಷಕ್ಕಿಂತ ನಿಮ್ಮ ಸ್ನೇಹವೇ ನಮಗೆ ಹಾನಿಕರ. ಒಂದು ಸಣ್ಣ ದ್ವೀಪವನ್ನು ಬಿಟ್ಟರೆ ಉಳಿದವರು ಅದನ್ನು ನಮ್ಮ ಬಲಹೀನತೆಯೆಂದು ತಿಳಿಯುತ್ತಾರೆ ಎಂದರು. ಇಂದು ನೀವು ಧರ್ಮದ ಮಾತನ್ನು ತಳ್ಳಿಹಾಕಿದರೆ ನಾಳೆ ನೀವು ಬಿದ್ದಾಗ ಅದೇ ಮಾತು ನಿಮಗೂ ಬೇಕಾದೀತು ಎಂದು ದ್ವೀಪದವರು ನೆನಪಿಸಿದರು. ಅದು ನಮ್ಮ ಚಿಂತೆ, ನಿಮಗೆ ಬೇಡ, ಎಂದರು ಅಥೆನ್ಸಿನವರು. ಏಳುನೂರು ವರ್ಷಗಳ ಊರನ್ನು ಒಂದು ಗಳಿಗೆಯಲ್ಲಿ ಒಪ್ಪಿಸಲಾರೆವೆಂದು ಮೇಲೋಸಿನವರು ಎದ್ದರು. ದೇವರಲ್ಲಿಯೂ ಸ್ಪಾರ್ಟದಲ್ಲಿಯೂ ನಂಬಿಕೆಯಿಟ್ಟರು.

ಸ್ಪಾರ್ಟ ಬರಲಿಲ್ಲ. ಅಥೆನ್ಸಿನವರು ಊರಿನ ಸುತ್ತ ಗೋಡೆ ಕಟ್ಟಿ ಮುತ್ತಿದರು. ಒಳಗಿನವರು ಎರಡು ಸಲ ಹೊರಬಿದ್ದು ಗೋಡೆಯ ಒಂದೊಂದು ಭಾಗವನ್ನು ಹಿಡಿದರು, ಧಾನ್ಯವನ್ನು ಒಳಗೆ ಸಾಗಿಸಿದರು. ಅಥೆನ್ಸಿನಿಂದ ಇನ್ನಷ್ಟು ದಂಡು ಬಂತು. ಮುಂದೆ ಕ್ರಿ.ಪೂ. 414ರಲ್ಲಿ ಆಡಿದ ಅರಿಸ್ಟಾಫನೀಸನ ಪ್ರಹಸನವೊಂದರಲ್ಲಿ ಮೇಲೋಸಿನ ಹಸಿವು ಎಂಬುದು ಗಾದೆಯಂತೆ ಬರುತ್ತದೆ. ಆ ಮುತ್ತಿಗೆಯ ಗೋಳು ಅಥೆನ್ಸಿನ ಬೀದಿಯಲ್ಲಿ ನಗೆಮಾತಾಗಿತ್ತು. ಚಳಿಗಾಲದಲ್ಲಿ, ಒಳಗಿನವರದೇ ಒಂದು ದ್ರೋಹವೂ ಸೇರಿ, ಊರು ಶರಣಾಯಿತು. ಕೈಗೆ ಸಿಕ್ಕ ವಯಸ್ಕ ಗಂಡಸರನ್ನೆಲ್ಲ ಕೊಂದರು. ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿದರು. ಅಥೆನ್ಸಿನಿಂದ 500 ಮಂದಿಯನ್ನು ತಂದು ಈ ನೆಲದಲ್ಲಿ ನೆಲೆಗೊಳಿಸಿದರು. ಸಲಾಮಿಸಿನ ಎರಡು ಹಡಗುಗಳಿಗೆ ಅರವತ್ತನಾಲ್ಕು ವರ್ಷಗಳ ಮೇಲೆ ದೊರೆತ ಪ್ರತಿಫಲ ಇದು.

ಇದನ್ನು ಮಾಡಿದವರು ಅನಾಗರಿಕರಲ್ಲ. ಪಾರ್ಥೆನಾನನ್ನು ಕಟ್ಟಿದ ಊರು, ಸಾಕ್ರೆಟೀಸ್ ಸಂತೆಯಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದ ಊರು, ಪ್ರಜೆಗಳು ಕೈಯೆತ್ತಿ ರಾಜ್ಯವಾಳುತ್ತಿದ್ದ ಊರು ಇದನ್ನು ಮಾಡಿತು. ಪ್ರಜಾಪ್ರಭುತ್ವ ತನ್ನ ಮನೆಯ ಹೊಸ್ತಿಲಿನಲ್ಲಿಯೇ ನಿಂತುಬಿಟ್ಟರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ. ಮರುವರ್ಷ, ಕ್ರಿ.ಪೂ. 415ರ ವಸಂತದಲ್ಲಿ, ಯೂರಿಪಿಡೀಸ್ ಅದೇ ಅಥೆನ್ಸಿನ ಜನರ ಮುಂದೆ ‘ಟ್ರೋಜನ್ ಸ್ತ್ರೀಯರು’ ಎಂಬ ನಾಟಕವನ್ನು ಆಡಿಸಿದ. ಊರು ಉರಿದುಹೋಗಿದೆ, ಗಂಡಸರು ಸತ್ತಿದ್ದಾರೆ, ಹೆಂಗಸರನ್ನು ಗೆದ್ದವರು ಹಂಚಿಕೊಳ್ಳುತ್ತಿದ್ದಾರೆ. ಮೇಲೋಸಿನ ಹೆಸರು ಅದರಲ್ಲಿಲ್ಲ. ಕವಿಯ ಮನಸ್ಸಿನಲ್ಲಿ ಅದೇ ಇತ್ತೆಂದು ಸಾಧಿಸುವಂತೆಯೂ ಇಲ್ಲ. ಆದರೆ ನೋಡುತ್ತ ಕುಳಿತವರಲ್ಲಿ ಕೆಲವರಿಗಾದರೂ ಅದು ನೆನಪಾಗಿರದೆ? ಸ್ಪರ್ಧೆಯಲ್ಲಿ ಅದಕ್ಕೆ ಎರಡನೆಯ ಸ್ಥಾನ ಬಂತು. ಅದೇ ಬೇಸಗೆಯಲ್ಲಿ ಅಥೆನ್ಸ್ ಇನ್ನೂ ದೊಡ್ಡ ದ್ವೀಪವೊಂದನ್ನು, ಸಿಸಿಲಿಯನ್ನು, ನುಂಗಲು ಹೊರಟಿತು. ಎರಡೇ ವರ್ಷದಲ್ಲಿ ಆ ದಂಡು ಅಲ್ಲಿಯೇ ನಾಶವಾಯಿತು.

ಕ್ರಿ.ಪೂ. 405ರಲ್ಲಿ ಅಥೆನ್ಸಿನ ಕೊನೆಯ ನೌಕಾಬಲವನ್ನು ಸ್ಪಾರ್ಟದ ಲೈಸಾಂಡರ್ ಮುರಿದ. ಸುದ್ದಿ ರಾತ್ರಿ ಪಿರೇಯಸ್ಸಿಗೆ ಮುಟ್ಟಿತು. ಆ ರಾತ್ರಿ ಊರಿನಲ್ಲಿ ಯಾರೂ ಮಲಗಲಿಲ್ಲವೆಂದು ಜೆನೊಫನ್ ಹೇಳುತ್ತಾನೆ. ಸತ್ತವರಿಗಾಗಿ ಮಾತ್ರವಲ್ಲ, ತಾವು ಮೇಲೋಸಿನವರಿಗೂ ಇತರರಿಗೂ ಮಾಡಿದ್ದು ಈಗ ತಮಗೇ ಬರುವುದೆಂಬ ಭಯಕ್ಕಾಗಿ ಅವರು ಎಚ್ಚರವಾಗಿದ್ದರಂತೆ. ಹನ್ನೊಂದು ವರ್ಷಗಳ ಹಿಂದೆ ದ್ವೀಪದವರು ಹೇಳಿದ್ದ ಮಾತು ಆ ರಾತ್ರಿ ಅಥೆನ್ಸಿಗೆ ಅರ್ಥವಾಯಿತು. ಸ್ಪಾರ್ಟದ ಮಿತ್ರರಲ್ಲಿ ಕೆಲವರು ಅಥೆನ್ಸನ್ನು ನೆಲಸಮ ಮಾಡಬೇಕೆಂದರೂ ಸ್ಪಾರ್ಟ ಒಪ್ಪಲಿಲ್ಲ. ಬದುಕುಳಿದ ಮೇಲೋಸಿನವರನ್ನು ಲೈಸಾಂಡರ್ ಹುಡುಕಿ ತಂದು ಮತ್ತೆ ಇಲ್ಲಿ ನೆಲೆಗೊಳಿಸಿದ.

ಇನ್ನು ರಂಗಮಂದಿರದಿಂದ ಏಳೋಣ. ಕೆಲವೇ ಹೆಜ್ಜೆಗಳ ಆಚೆ, ಹೊಲದ ಬದುವಿನಲ್ಲಿ, ಒಂದು ಫಲಕವಿದೆ. 1820ರ ಏಪ್ರಿಲಿನಲ್ಲಿ ಇಲ್ಲಿ ಕಲ್ಲಿಗಾಗಿ ಅಗೆಯುತ್ತಿದ್ದ ಒಬ್ಬ ರೈತನಿಗೆ ಅಮೃತಶಿಲೆಯ ಒಂದು ಸ್ತ್ರೀವಿಗ್ರಹ ಎರಡು ತುಂಡಾಗಿ ಸಿಕ್ಕಿತು. ಎತ್ತರ ಎರಡು ಮೀಟರಿಗೂ ಸ್ವಲ್ಪ ಹೆಚ್ಚು, ತೋಳುಗಳಿಲ್ಲ. ಆಗ ದ್ವೀಪ ತುರ್ಕರ ಆಳ್ವಿಕೆಯಲ್ಲಿತ್ತು, ಬಂದರಿನಲ್ಲಿ ಫ್ರೆಂಚರ ಹಡಗುಗಳಿದ್ದವು. ಫ್ರೆಂಚ್ ನೌಕಾಧಿಕಾರಿಗಳು ಅದರ ಬೆಲೆಯನ್ನು ಅರಿತರು, ರಾಯಭಾರಿ ಕೊಂಡುಕೊಂಡ, ಹದಿನೆಂಟನೆಯ ಲೂಯಿ ದೊರೆಗೆ ಕಾಣಿಕೆಯಾಗಿ 1821ರಲ್ಲಿ ಅದು ಪ್ಯಾರಿಸಿನ ಲೂವ್ರ್ ಸೇರಿತು. ಲೋಕಪ್ರಸಿದ್ಧವಾದ ಮಿಲೋದ ವೀನಸ್ ಇದೇ. ಅದೇ 1821ರಲ್ಲಿ ಗ್ರೀಕರು ತಮ್ಮ ಸ್ವಾತಂತ್ರ್ಯಸಮರವನ್ನು ಆರಂಭಿಸಿದರು. ಒಂದು ವರ್ಷ ತಡವಾಗಿ ಆ ಗುದ್ದಲಿ ಬಿದ್ದಿದ್ದರೆ ವಿಗ್ರಹದ ಗತಿ ಬೇರೆಯಾಗುತ್ತಿತ್ತೊ ಏನೊ! ಪ್ಲಾಕಾದ ವಸ್ತುಸಂಗ್ರಹಾಲಯದಲ್ಲಿ ಈಗ ಇರುವುದು ಗಚ್ಚಿನ ಪ್ರತಿಕೃತಿ. ಮೂಲವನ್ನು ಹಿಂದಕ್ಕೆ ಕೊಡಿರೆಂದು ದ್ವೀಪದವರು ಕೇಳಿದ್ದುಂಟು.

ದಾರಿಯಲ್ಲಿಯೇ ಮೆತುಕಲ್ಲಿನಲ್ಲಿ ಕೊರೆದ ಆದಿಕ್ರೈಸ್ತರ ನೆಲದಡಿಯ ಸಮಾಧಿಗಳಿವೆ. ತಂಪಾದ ಆ ಸುರಂಗಗಳ ಒಂದು ಭಾಗವನ್ನು ನೋಡಬಹುದು. ಅಲ್ಲಿಂದ ಇಳಿದರೆ ಕ್ಲೀಮಾ. ಬೆಸ್ತರ ಮನೆಗಳು ನೀರಿನ ಅಂಚಿಗೇ ಒತ್ತಿ ನಿಂತಿವೆ. ಕೆಳಗೆ ದೋಣಿಗೆ ಮನೆ, ಮೇಲೆ ಮನುಷ್ಯರಿಗೆ. ಕೆಂಪು, ನೀಲಿ, ಹಸುರು ಬಾಗಿಲುಗಳು. ಚಳಿಗಾಲದ ಬಿರುಗಾಳಿಗೆ ದೋಣಿಯನ್ನು ಒಳಕ್ಕೆಳೆದು ಕದವಿಕ್ಕಿಕೊಳ್ಳುವುದು ಇವರ ಪದ್ಧತಿ. ಸಂಜೆಯ ಬಿಸಿಲು ಈ ಬಾಗಿಲುಗಳ ಮೇಲೆ ಬೀಳುವುದನ್ನು ನೋಡುವುದಕ್ಕಾಗಿಯೇ ಜನ ದೂರದಿಂದ ಬರುತ್ತಾರೆ.

ಪ್ರವಾಸಿಗರು ತಂದುಕೊಡುವ ಹಣದ ಜೊತೆಗೆ ದ್ವೀಪಕ್ಕೆ ಇನ್ನೊಂದು ಜೀವನೋಪಾಯವೂ ಉಂಟು, ಅದು ಗಣಿ. ಮೇಲೋಸಿನ ಬಿಳಿಮಣ್ಣು ಪ್ರಾಚೀನ ಚಿತ್ರಕಾರರಿಗೆ ಪ್ರಿಯವಾಗಿತ್ತು. ಥಿಯೋಫ್ರಾಸ್ಟಸ್ ಕಲ್ಲುಗಳ ಮೇಲೆ ಬರೆದ ಗ್ರಂಥದಲ್ಲಿ ಅದನ್ನು ಹೆಸರಿಸಿದ್ದಾನೆ. ಮೂಡಣ ತೀರದ ಗಂಧಕದ ಗಣಿ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ನಿಂತು, ತುಕ್ಕುಹಿಡಿದ ಯಂತ್ರಗಳು ಕಡಲಿಗೆ ಮುಖಮಾಡಿ ನಿಂತಿವೆ. ಬೆಂಟೊನೈಟ್ ಮತ್ತು ಪರ್ಲೈಟ್ ಎಂಬ ಖನಿಜಗಳು ಇಂದಿಗೂ ಹಡಗು ಹಡಗಾಗಿ ಹೊರಕ್ಕೆ ಹೋಗುತ್ತಿವೆ. ಗುಡ್ಡ ಕರಗುತ್ತದೆ, ಊಟ ದೊರೆಯುತ್ತದೆ. ಎರಡರಲ್ಲಿ ಯಾವುದು ಎಷ್ಟಿರಬೇಕೆಂಬುದನ್ನು ಈಗ ದ್ವೀಪದವರು ತಾವೇ ಚರ್ಚಿಸಬಲ್ಲರು. ಹಿಂದೆ ಅವರ ಪರವಾಗಿ ಇತರರು ನಿರ್ಧರಿಸುತ್ತಿದ್ದರೆಂಬುದನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ.

ಕೊನೆಗೊಂದು ಮಾತು. ಕ್ರಿ.ಪೂ. 416ರಲ್ಲಿ ಬಂದ ಸೇನಾಪತಿಗಳ ಹೆಸರನ್ನು ಥ್ಯೂಸಿಡಿಡೀಸ್ ಬರೆದಿಟ್ಟಿದ್ದಾನೆ, ಅವರ ತಂದೆಯರ ಹೆಸರನ್ನೂ ಬರೆದಿದ್ದಾನೆ. ಅವರೆದುರಿಗೆ ಕುಳಿತು, ಸೋಲುತ್ತೇವೆಂದು ತಿಳಿದೂ ನ್ಯಾಯದ ಮಾತನ್ನು ಬಿಡದಿದ್ದ ಮೇಲೋಸಿನವರಲ್ಲಿ ಒಬ್ಬರ ಹೆಸರೂ ಅಲ್ಲಿಲ್ಲ. ಮೇಲೋಸಿನವರು ಎಂದಷ್ಟೇ ಇದೆ. ಆದರೂ ಸಂವಾದವನ್ನು ಓದಿ ಪುಸ್ತಕ ಮುಚ್ಚಿದವರ ಮನಸ್ಸಿನಲ್ಲಿ ಉಳಿಯುವುದು ಆ ಹೆಸರಿಲ್ಲದವರ ಮಾತು. ಕ್ಲೀಮಾದ ದಂಡೆಯಲ್ಲಿ ಕತ್ತಲಾಗುವವರೆಗೆ ಕುಳಿತಿರಿ. ಅಥೆನ್ಸಿನ ಹಡಗುಗಳು ಬಂದು ನಿಂತ ದ್ವೀಪದ ಕೊಲ್ಲಿ ನಿಮ್ಮ ಕಾಲಬುಡದಲ್ಲಿಯೇ ಇದೆ. ಮೇಲಕ್ಕೆ ಹೋಗುವ ದಾರಿ ಏರುದಾರಿ, ನಿಧಾನವಾಗಿ ಹತ್ತಿ.